ನಮ್ಮ ಮನೆಯವರ ಟ್ಯಾಕ್ಸ್ ಸೇವೆ

ನಮ್ಮ ಶನಿವಾರದ ಭಜನೆ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸವಿದೆ. ಒಬ್ಬರು ಹಾರ್ಮೋನಿಯಂ ನುಡಿಸುತ್ತಾರೆ. ಒಬ್ಬರು ತಾಳ ಹಾಕುತ್ತಾರೆ. ಮಂಗಳಾರತಿ ಹೊತ್ತಿಗೆ ಒಬ್ಬರು ಎದ್ದು, ಕರ್ಪೂರದ ಹೊಗೆಗೆ ಕೂಗಿಕೊಳ್ಳದಿರಲೆಂದು ಸ್ಮೋಕ್ ಅಲಾರಂ ಕೆಳಗೆ ಟವೆಲ್ ಬೀಸುತ್ತಾ ನಿಲ್ಲುತ್ತಾರೆ. ಅದೂ ಒಂದು ಸೇವೆಯೇ. ನನ್ನ ಪಾಲಿಗೆ ಕೋಸಂಬರಿ ಮತ್ತು ಸಾರು. ನಮ್ಮ ಮನೆಯವರಿಗೆ ಮಾತ್ರ ಇದ್ಯಾವುದೂ ಬಾರದು. ಶ್ರುತಿ ನಿಲ್ಲುವುದಿಲ್ಲ, ಸ್ತೋತ್ರ ಹೇಳುವಾಗ ಎಲ್ಲರಿಗಿಂತ ಅರ್ಧ ಸಾಲು ಹಿಂದೆ ಇರುತ್ತಾರೆ. ಮಾತೂ ಕಡಿಮೆ. ಜಮಖಾನದ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುವರು. ನಿದ್ದೆಯೋ ಧ್ಯಾನವೋ ಎಂದು ನಾನೂ ಕೇಳಿಲ್ಲ.

ಆದರೆ ಜನವರಿ ಮುಗಿಯುತ್ತಿದ್ದಂತೆ ಅವರ ಕಾಲ ಬರುತ್ತಿತ್ತು. ವರ್ಷದ ಸಂಬಳವೆಷ್ಟು, ಅದರಲ್ಲಿ ಹಿಡಿದುಕೊಂಡ ತೆರಿಗೆ ಎಷ್ಟು ಎಂದು ಕಂಪನಿಯವರು ಬರೆದು ಕೊಡುವ ಡಬ್ಲ್ಯೂ-ಟೂ ಬಂದ ತಕ್ಷಣ ಎಲ್ಲರಿಗೂ ಇವರ ನೆನಪಾಗುತ್ತಿತ್ತು. ಪ್ರಸಾದ ಆದಮೇಲೆ ಭಜನೆ ನಡೆದ ಮನೆಯ ಊಟದ ಮೇಜನ್ನು ಒರೆಸಿ ಇವರಿಗೆ ಬಿಟ್ಟುಕೊಡುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಎದುರಿಗೆ ಕೂರುವರು. ಇವರು ಕನ್ನಡಕ ಹಣೆಗೇರಿಸಿ ನೋಡಿ, ನಿಧಾನಕ್ಕೆ ಕೇಳಿ, ಎಲ್ಲರ ರಿಟರ್ನ್ ಫೈಲ್ ಮಾಡಿ ಕೊಡುವರು. ಒಂದು ಡಾಲರ್ ಮುಟ್ಟಿದವರಲ್ಲ. ಯಾರಾದರೂ ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಕೊಟ್ಟರೆ ಅದನ್ನು ನನ್ನ ಕೈಗೆ ಕೊಡಿ ಎನ್ನುವರು. ಆ ಎರಡು ತಿಂಗಳು ಅವರ ಮುಖದಲ್ಲಿ ಒಂದು ಬೆಳಕಿರುತ್ತಿತ್ತು. ನಾನು ಅಡುಗೆಮನೆಯ ಬಾಗಿಲಿಂದ ನೋಡಿ, ಇಷ್ಟಾದರೂ ಕೊಟ್ಟೆಯಲ್ಲ ಸ್ವಾಮೀ ಎಂದುಕೊಳ್ಳುತ್ತಿದ್ದೆ.

ಈ ವಿದ್ಯೆಯನ್ನೆಲ್ಲ ಅವರು ಕಲಿತದ್ದು ಅಯೋವಾ ರಾಜ್ಯದಲ್ಲಿ. ಶಿಕಾಗೋ ಪಕ್ಕದ ಈ ಬೋಲಿಂಗ್‌ಬ್ರೂಕಿಗೆ ಬರುವ ಮುಂಚೆ ನಾವು ಬಹಳ ವರ್ಷ ಅಲ್ಲಿದ್ದೆವು. ಅಮೆರಿಕದಲ್ಲಿ ದುಡಿದವರು ಸಾಮಾನ್ಯವಾಗಿ ತೆರಿಗೆಯನ್ನು ಎರಡು ಕಡೆ ಕಟ್ಟಬೇಕು, ಫೆಡರಲ್ ಅಂದರೆ ಕೇಂದ್ರ ಸರ್ಕಾರಕ್ಕೊಂದು, ಇರುವ ರಾಜ್ಯಕ್ಕೊಂದು. ಅಯೋವಾದಲ್ಲಿ ಆಗ ಒಂದು ಸೌಕರ್ಯವಿತ್ತು. ಫೆಡರಲ್‌ಗೆ ಕಟ್ಟಿದ ತೆರಿಗೆಯನ್ನು ನಮ್ಮ ಆದಾಯದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ರಾಜ್ಯ ತೆರಿಗೆ ಹಾಕುತ್ತಿತ್ತು. ಇವರಿಗೆ ಆ ಲೆಕ್ಕ ಬಹಳ ಹಿಡಿಸಿತ್ತು. "ಕೈಗೇ ಬರದೇ ಇರೋ ದುಡ್ಡಿನ ಮೇಲೆ ಮತ್ತೆ ತೆರಿಗೆ ಯಾಕೆ ಕಟ್ಟಬೇಕು, ನ್ಯಾಯ ಅಂದ್ರೆ ಇದು," ಎನ್ನುವರು. ಅದರಲ್ಲೂ ಒಂದು ಸೂಕ್ಷ್ಮವಿತ್ತು. ಫೆಡರಲ್‌ನವರು ಹೆಚ್ಚು ಹಿಡಿದದ್ದನ್ನು ಮಾರನೆಯ ವರ್ಷ ವಾಪಸ್ ಕೊಟ್ಟರೆ, ಅದನ್ನು ಆ ವರ್ಷದ ಅಯೋವಾ ರಿಟರ್ನಿನಲ್ಲಿ ಮರೆಯದೆ ಆದಾಯಕ್ಕೆ ಸೇರಿಸಬೇಕು. ಎಷ್ಟೋ ಜನ ಮರೆಯುತ್ತಿದ್ದರು. ಇವರು ಒಮ್ಮೆಯೂ ಮರೆತವರಲ್ಲ. ಬೇರೆಯವರು ಮರೆತದ್ದನ್ನೂ ಹಿಡಿದು ಸರಿಮಾಡಿಸುತ್ತಿದ್ದರು. ಅಷ್ಟು ನಿಗಾ ಇದ್ದ ಮನುಷ್ಯ.

ನಮ್ಮವರ ಅಭ್ಯಾಸ ಹೇಗೆ ಅಂದರೆ, ಯಾರದೋ ಕೈಲಿ ಒಮ್ಮೆ ಕೆಲಸ ಚೆನ್ನಾಗಿ ಆಯಿತು ಅಂದರೆ ಅದಕ್ಕೆ ಕೈಗುಣ ಅಂತ ಹೆಸರಿಟ್ಟು ಬಿಡುತ್ತೇವೆ. ಒಬ್ಬರ ಕೈಲಿ ಹೆಪ್ಪು ಹಾಕಿಸುತ್ತೇವೆ, ಇನ್ನೊಬ್ಬರ ಕೈಲಿ ಕರಿಬೇವಿನ ಗಿಡ ನೆಡಿಸುತ್ತೇವೆ. ಹಾಗೆ ಇವರ ಕೈಲಿ ಟ್ಯಾಕ್ಸ್. "ಅಂಕಲ್ ಕೈಗುಣ ಒಳ್ಳೇದು, ರಿಫಂಡ್ ಬಂದೇ ಬರುತ್ತೆ," ಎನ್ನುವರು. ತಾವೇ ಮಾಡಿಕೊಳ್ಳುವಷ್ಟು ಓದಿದವರೂ, ಸಾಫ್ಟ್‌ವೇರ್‌ಗೆ ದುಡ್ಡು ಕೊಟ್ಟವರೂ ಕೊನೆಗೆ ಸಬ್ಮಿಟ್ ಒತ್ತುವುದಕ್ಕೆ ಇವರನ್ನು ಕರೆಯುತ್ತಿದ್ದರು.

ಆಮೇಲೆ ಇವರ ಕೆಲಸ ಅಯೋವಾದಿಂದ ಶಿಕಾಗೋ ಕಡೆಗೆ ಬದಲಾಯಿತು. ಅದೇ ಟೀಮಿನ ನಾಲ್ಕೈದು ಮನೆಯವರು ಒಟ್ಟಿಗೇ ಬಂದೆವು. ಒಂದೇ ಊರಲ್ಲಿ ಮನೆ ಹಿಡಿದೆವು. ಭಜನೆಯೂ ಜೊತೆಗೇ ಬಂತು. ಒಬ್ಬ ಧಾರವಾಡದ ಹುಡುಗ ಮಾತ್ರ ಡೆಟ್ರಾಯಿಟ್ ಪಕ್ಕ ಒಂದು ಕಾರ್ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಹೆಂಡತಿಯನ್ನು ಕರೆದುಕೊಂಡು ಅತ್ತ ಹೋದ. ಹುಡುಗ ಎಂದರೆ ನಮಗೆ ಹುಡುಗ, ಅವನಿಗೂ ಈಗ ತಲೆಯಲ್ಲಿ ಬಿಳಿ ಕೂದಲಿದೆ. ಮದುವೆಗೆ ಮುಂಚೆ, ಈ ದೇಶಕ್ಕೆ ಹೊಸದಾಗಿ ಬಂದಾಗ, ಒಂದು ಚಳಿಗಾಲವಿಡೀ ಅಯೋವಾದಲ್ಲಿ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿದ್ದ. ಇವರಿಗೆ ಅವನು ಮಗನ ಹಾಗೆ.

ಆ ವರ್ಷದ ಟ್ಯಾಕ್ಸ್ ಇವರಿಗೆ ಹೊಸದು. ಶಿಕಾಗೋ ಇರುವ ಇಲಿನಾಯ್ ರಾಜ್ಯದ ಫಾರ್ಮಿನಲ್ಲಿ ಫೆಡರಲ್ ತೆರಿಗೆ ಕಳೆಯುವ ಸಾಲನ್ನು ಹುಡುಕಿದರು, ಸಿಗಲಿಲ್ಲ. ಅಯೋವಾ ಫಾರ್ಮಿನಲ್ಲಿ ಅದು ಹೆಸರು ಹಾಕಿಕೊಂಡು ಅಚ್ಚಾಗಿರುತ್ತಿತ್ತು. ಇಲ್ಲಿ ಕೆಳಗೆ ಎಲ್ಲೋ "ಇತರೆ ಕಳೆಯುವಿಕೆ" ಎಂದು ಒಂದು ಸಾಲಿತ್ತು. ಇವರು ಅಡುಗೆಮನೆಗೆ ಬಂದು ನನಗೆ ವಿವರಿಸಿದರು, ರಾಜ್ಯ ಬೇರೆ ಆದ್ದರಿಂದ ಹೆಸರು ಬೇರೆ, ಇಲ್ಲೇ ಹಾಕಬೇಕು ಎಂದು. ನಾನು ತೊಗರಿಬೇಳೆ ಆರಿಸುತ್ತಾ ಹೂಂ ಅಂದೆ. ನನಗೇನು ಗೊತ್ತು. ನಮ್ಮದು ಅಲ್ಲಿ ಹಾಕಿದರು. ಆಮೇಲೆ ಎಲ್ಲರದ್ದೂ ಹಾಕಿದರು. ಡೆಟ್ರಾಯಿಟ್ ಹುಡುಗನದ್ದು ಮಿಷಿಗನ್ ರಾಜ್ಯದ ಫಾರ್ಮ್, ಅದರಲ್ಲೂ ಅಂಥದ್ದೇ ಒಂದು ಸಾಲು ಸಿಕ್ಕಿತು. ಅವನದ್ದನ್ನು ಫೋನಿನಲ್ಲಿ ಹೇಳಿ ಹೇಳಿ ತುಂಬಿಸಿದರು. ಎಲ್ಲರಿಗೂ ರಿಫಂಡ್ ಬಂತು. ಅಯೋವಾದಲ್ಲಿದ್ದಾಗಿನ ಹಾಗೇ ಕೈಗುಣದ ಮಾತಾಯಿತು. ಯಾರೋ ನಮಗೆ ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂನಿಂದ ಮೈಸೂರು ಪಾಕಿನ ಡಬ್ಬ ತಂದುಕೊಟ್ಟರು.

ಅದೇ ವರ್ಷ ಎಲೆ ಉದುರುವ ಹೊತ್ತಿಗೆ ನಮ್ಮ ಮನೆಗೆ ರಾಜ್ಯದ ತೆರಿಗೆ ಇಲಾಖೆಯಿಂದ ಪತ್ರ ಬಂತು. ನೀವು ಕಳೆದಿರುವುದಕ್ಕೆ ಇಲ್ಲಿ ಅವಕಾಶವಿಲ್ಲ, ಬಾಕಿ ತೆರಿಗೆಯನ್ನು ದಂಡ, ಬಡ್ಡಿ ಸೇರಿಸಿ ಕಟ್ಟಿ ಎಂದಿತ್ತು. ನಾನು ಈ ದೇಶದಲ್ಲಿ ಒಂದು ದಿನ ಸಂಬಳಕ್ಕೆ ದುಡಿದವಳಲ್ಲ, ಆದರೂ ಗಂಡ ಹೆಂಡತಿಯ ಜಂಟಿ ರಿಟರ್ನ್ ಆದ್ದರಿಂದ ಪತ್ರದ ಮೇಲೆ ನನ್ನ ಹೆಸರೂ ಇತ್ತು. ಕಟ್ಟಬೇಕಾದದ್ದು ದೊಡ್ಡದೇನಲ್ಲ, ನಮ್ಮ ಮನೆಯ ಒಂದು ತಿಂಗಳ ದಿನಸಿ ಆದೀತು. ಕಟ್ಟುವ ಶಕ್ತಿಯನ್ನು ದೇವರು ಕೊಟ್ಟಿದ್ದ. ಆದರೆ ಇವರು ಪತ್ರವನ್ನು ಮತ್ತೆ ಮತ್ತೆ ಓದಿ, ಫೋನ್ ಮಾಡಿ, ಬಹಳ ಹೊತ್ತು ಸಂಗೀತ ಕೇಳಿಸಿಕೊಂಡು, ಕೊನೆಗೆ ಸಿಕ್ಕಿದ ಹೆಂಗಸಿನ ಹತ್ತಿರ ಅಯೋವಾದ ನ್ಯಾಯವನ್ನೆಲ್ಲ ವಿವರಿಸಿದರು. ಪಾಪ, ಆಕೆ ಮಧ್ಯೆ ಬಾಯಿ ಹಾಕದೆ ಕೇಳಿದಳು. ಆಮೇಲೆ, ಸರ್, ಇದು ಇಲಿನಾಯ್ ಎಂದಳಂತೆ. ಇವರು ಥ್ಯಾಂಕ್ಯೂ ಹೇಳಿ ಫೋನಿಟ್ಟರು.

ಕೂತಲ್ಲೇ ಅವರ ಮುಖ ಬಿಳಿಚಿಕೊಂಡಿತು. ನಮ್ಮ ಪತ್ರಕ್ಕಲ್ಲ. "ಎಲ್ಲಾರ್ದೂ ಹೀಗೇ ಹಾಕಿದೀನಲ್ಲೇ," ಅಂದರು.

ಆ ಸಂಜೆಯೇ ಊರೊಳಗಿನ ಎಲ್ಲ ಮನೆಗೂ ಫೋನ್ ಮಾಡಿದರು. ಒಬ್ಬರಿಗೆ ಆಗಲೇ ಪತ್ರ ಬಂದಿತ್ತು, ಉಳಿದವರಿಗೆ ಆಮೇಲೆ ಬಂತು. ದಂಡ ಬಡ್ಡಿಯನ್ನಾದರೂ ನಾನು ಕೊಡುತ್ತೇನೆ ಎಂದು ಇವರು ಎಷ್ಟು ಹೇಳಿದರೂ ಒಬ್ಬರೂ ಒಪ್ಪಲಿಲ್ಲ. ಅಯ್ಯೋ ಬಿಡಿ ಅಂಕಲ್, ನಮ್ಮ ದುಡ್ಡೇ ತಾನೇ, ಕೊಡಬೇಕಾದ್ದು ಕೊಟ್ವಿ ಎಂದರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಅದಕ್ಕೆ ನಾನು ದೇವರಿಗೆ ಎರಡು ತುಪ್ಪದ ದೀಪ ಹಚ್ಚಿದೆ. ನನ್ನ ಗಂಡನಿಗೆ ಅದೇ ಹೆಚ್ಚು ನೋವಾಗುತ್ತಿದೆ ಎಂದು ನನಗೆ ತಿಳಿಯಲಿಕ್ಕೆ ಸ್ವಲ್ಪ ದಿನ ಬೇಕಾಯಿತು.

ಮುಂದಿನ ಶನಿವಾರ ಅವರು ಭಜನೆಗೆ ಬರಲಿಲ್ಲ. ತಲೆನೋವು ಅಂದರು. ಅದರ ಮುಂದಿನ ವಾರ ಕಾರ್ ಸರ್ವಿಸ್. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಹಾಡು ಬಾರದ, ತಾಳ ಬಾರದ ಮನುಷ್ಯ, ಆ ಜಮಖಾನದ ಮೇಲೆ ಕೂರುವುದಕ್ಕೆ ತನಗಿದ್ದ ಒಂದೇ ಯೋಗ್ಯತೆ ಹೋಯಿತು ಎಂದುಕೊಂಡುಬಿಟ್ಟಿದ್ದರು. ಭಗವಂತನ ಎದುರಿಗೆ ಕೂರುವುದಕ್ಕೆ ಯೋಗ್ಯತೆ ಯಾಕೆ ರೀ ಎಂದು ಕೇಳಿದೆ. ಭಗವಂತನ ಎದುರಿಗೆ ಬೇಕಿಲ್ಲ, ಜನದ ಎದುರಿಗೆ ಬೇಕು ಎಂದರು. ಅವರು ಮತ್ತೆ ಬಂದು ಆ ಮೂಲೆಯಲ್ಲಿ ಕೂರಬೇಕು, ನನಗೆ ಅಷ್ಟೇ ಬೇಕಾಗಿತ್ತು. ಬೇರೇನನ್ನೂ ನಾನು ಆ ಚಳಿಗಾಲ ದೇವರ ಹತ್ತಿರ ಕೇಳಿಕೊಂಡಿಲ್ಲ.

ಮಗಳು ದೂರದ ಊರೊಂದರ ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೆ ಫೋನ್ ಮಾಡಿ ನೀನಾದರೂ ಹೇಳು ಅಂದೆ. ಸ್ಪೀಕರಿನಲ್ಲಿ ಹಾಕಿಸಿಕೊಂಡು, "ಅಪ್ಪಾ, ನೋ ವನ್ ಈಸ್ ಮ್ಯಾಡ್ ಅಟ್ ಯೂ," ಎಂದಳು. ಅವರು ಐ ನೋ ಅಂದರು. ಅಲ್ಲಿಗೆ ಅದೂ ಮುಗಿಯಿತು.

ಉಳಿದವನು ಡೆಟ್ರಾಯಿಟ್ ಹುಡುಗ ಒಬ್ಬ. ಅವನಿಗೆ ಪತ್ರ ಬಂದ ಸುದ್ದಿ ಇರಲಿಲ್ಲ. ಫೋನಿನಲ್ಲಿ ಹೇಳುವುದು ಬೇಡ, ಮನೆಗೇ ಹೋಗಿ ಹೇಳಬೇಕು, ಮಿಷಿಗನ್‌ನವರು ಕೇಳುವ ಮುಂಚೆಯೇ ತಿದ್ದಿದ ರಿಟರ್ನನ್ನು ಮುಂದೆ ಕೂತು ಹಾಕಿಕೊಡಬೇಕು ಎಂದು ಇವರ ಮನಸ್ಸಿಗೆ ಬಂತು. ಆ ಒಂದಾದರೂ ತಮ್ಮ ಕೈಯಿಂದ ಸರಿಹೋದರೆ ಮುಂದಿನ ಶನಿವಾರ ಭಜನೆಗೆ ಬರುತ್ತೇನೆ ಎಂದು ತಾವಾಗಿಯೇ ಬಾಯಿಬಿಟ್ಟು ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಬರಿಗೈಯಲ್ಲಿ ಹೋಗಬಾರದೆಂದು ತೆಂಗಿನಕಾಯಿ, ಬಾಳೆಹಣ್ಣು, ಒಂದು ಡಬ್ಬ ಪುಳಿಯೋಗರೆ ಕಟ್ಟಿಕೊಂಡು ಹೊರಟೆ. ಇಂಡಿಯಾನಾ ದಾಟಿ, ಮಿಷಿಗನ್ನಿನ ಉದ್ದಕ್ಕೂ ಬರಿಯ ಬೋಳು ಮರ ನೋಡುತ್ತಾ ಹೋದೆವು. ದಾರಿಯಿಡೀ ಇವರು ಹೇಳಬೇಕಾದ ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ ಎನ್ನುವುದನ್ನು ಇಬ್ಬರೂ ಮರೆತಿದ್ದೆವು. ಹೋಗುವ ಹೊತ್ತಿಗೆ ಅವರ ಊಟವಾಗಿ, ಹುಡುಗನ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಹುಡುಗ ಇದ್ದ. ಆರು ತಿಂಗಳ ಮಟ್ಟಿಗೆ ಊರಿಂದ ಬಂದಿದ್ದ ಅವನ ತಾಯಿ ಇದ್ದರು.

ಇವರು ಕೋಟನ್ನೂ ಬಿಚ್ಚಲಿಲ್ಲ. ಸೋಫಾದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದರು. ತಪ್ಪು ನನ್ನದು, ನಿನ್ನದಲ್ಲ ಎಂದೂ ಹೇಳಿದರು. ಹುಡುಗ ನೆಲ ನೋಡುತ್ತಾ ಕೇಳಿದ.

"ಅಂಕಲ್, ಇಷ್ಟಕ್ಕ ಇಷ್ಟು ದೂರ ಡ್ರೈವ್ ಮಾಡ್ಕೊಂಡ್ ಬಂದ್ರೇನ್ರಿ? ನಮಗೇನೂ ಲೆಟರ್ ಬಂದಿಲ್ರಿ. ಬಂದ್ರ ನೋಡೂಣಂತ, ಬಿಡ್ರಿ."

ಅವಲಕ್ಕಿ ತಟ್ಟೆ ಹಿಡಿದು ಬರುತ್ತಿದ್ದ ತಾಯಿ ಅಲ್ಲೇ ನಿಂತರು. "ಬಂದಿಲ್ಲಂದ್ರ? ಹೋದ ತಿಂಗಳನ ಬಂದಿತ್ತಲ್ಲೋ. ಫೋನಿನ್ಯಾಗ ರೊಕ್ಕ ಕಟ್ಟಿ ಮುಗಿಸಿದಿ. ಅಂಕಲ್‌ಗ ಗೊತ್ತಾಗೂದು ಬ್ಯಾಡ, ಮನಸಿಗೆ ಹಚ್ಕೋತಾರ, ಮುಂದಿನ ಸಲ ಸುಮ್ಮನ ಅಕೌಂಟಂಟಗ ಕೊಡೂಣು ಅಂದಿದ್ಯಲ್ಲೋ."

ಹುಡುಗ "ಅವ್ವಾ" ಅಂದ.

ಇವರು ಬ್ಯಾಗಿನಿಂದ ತೆಗೆಯುತ್ತಿದ್ದ ಲ್ಯಾಪ್‌ಟಾಪನ್ನು ಮೆಲ್ಲಗೆ ಒಳಗೆ ಜಾರಿಸಿ ಜಿಪ್ ಎಳೆದರು. ನಾನು ತೆಂಗಿನಕಾಯಿಯ ಜುಟ್ಟು ಬಿಡಿಸುತ್ತಾ ಕೂತೆ.

ಆ ತಾಯಿಗೆ ತಾನು ಏನು ಮಾಡಿದೆ ಎಂದು ತಿಳಿಯಿತು. ಆದರೂ ಗಾಬರಿಬೀಳಲಿಲ್ಲ. ಇವರ ಎದುರಿಗೇ ಬಂದು ಕೂತು, ತಟ್ಟೆ ಕೊಟ್ಟು, ಯಾರೂ ಕೇಳದಿದ್ದ ಒಂದು ಮಾತನ್ನು ಕೇಳಿದರು. "ಆತು, ಕಟ್ಟಿದ್ದಾತು. ಆದ್ರ ನನಗೊಂದ್ ತಿಳೀಲಿಲ್ರಿ. ಅದನ್ನ ಯಾಕ ಕಳದ್ರಿ ನೀವು?"

ಇವರು ತಲೆ ಎತ್ತಿದರು. ಪತ್ರ ಬಂದ ದಿನದಿಂದ ಯಾರೊಬ್ಬರೂ ಯಾಕೆ ಎಂದು ಕೇಳಿರಲಿಲ್ಲ, ಎಲ್ಲರೂ ಬಿಡಿ ಬಿಡಿ ಎಂದಿದ್ದರು. ಇವರು ಚಮಚೆಯಲ್ಲಿ ಅವಲಕ್ಕಿಯ ಒಂದು ಭಾಗವನ್ನು ತಟ್ಟೆಯ ಅಂಚಿಗೆ ಸರಿಸಿ ವಿವರಿಸತೊಡಗಿದರು. ಇದು ಫೆಡರಲ್‌ನವರು ತೆಗೆದುಕೊಂಡದ್ದು, ನಾನು ತಿಂದಿಲ್ಲ. ತಿನ್ನದೇ ಇರುವುದನ್ನೂ ತಿಂದ ಲೆಕ್ಕಕ್ಕೆ ಹಿಡಿದು ರಾಜ್ಯ ತನ್ನ ಪಾಲು ಕೇಳಬಹುದೇ? ಆ ತಾಯಿ ಗಮನವಿಟ್ಟು ಕೇಳಿದರು.

"ಅಲ್ರೀ, ನಿಮ್ಮನಿಯಾಗ ನೈವೇದ್ಯ ಹೆಂಗ ತೋರಸ್ತೀರಿ? ಕೃಷ್ಣಗ ತೋರಿಸಿದ್ದನ್ನ ಆಮ್ಯಾಲ ಪ್ರಾಣದೇವ್ರಿಗೆ ತೋರಸ್ತೀವಿಲ್ಲೋ? ಅಂವನ ಪಾಲು ತಗದಿಟ್ಟು ಉಳದದ್ದು ಇಂವಗ ಅಂತೀವೇನು? ಇಬ್ಬರಿಗೂ ಇಡೀ ತಾಟ."

"ಅಯೋವಾದಲ್ಲಿ ಹಾಗಿರಲಿಲ್ಲ," ಎಂದರು ಇವರು.

"ಅವ್ರ ಸಂಪ್ರದಾಯ ಬ್ಯಾರೆ ಇರ್ಬೇಕ್ರಿ."

ಹುಡುಗ ನಕ್ಕ, ನಾನೂ ನಕ್ಕೆ. ಇವರ ತುಟಿಯೂ ಸ್ವಲ್ಪ ಅಲುಗಿತು. ಈಗ ಅಯೋವಾದಲ್ಲೂ ಆ ಸಾಲನ್ನು ತೆಗೆದುಹಾಕಿದ್ದಾರೆ ಎಂದರು. ಹಂಗಂದ್ರ ಅವ್ರೂ ನಮ್ಮ ಮಠಕ್ಕ ಬಂದ್ರು ಬಿಡ್ರಿ ಎಂದು ಆ ತಾಯಿ ಚಹಾ ಮಾಡಲು ಎದ್ದರು. ಆ ಗಳಿಗೆ ಹಾಗೇ ಉಳಿದಿದ್ದರೆ ಆಗುತ್ತಿತ್ತು.

ಆದರೆ ಬಾಗಿಲಿಗೆ ಬಿಡಲು ಬಂದ ಹುಡುಗ ಇವರ ಎರಡೂ ಕೈ ಹಿಡಿದುಕೊಂಡು, ಸುಳ್ಳು ಹೇಳಿದ್ದಕ್ಕೆ ಸಾರಿ ಅಂಕಲ್, ನಿಮಗೆ ಬೇಜಾರಾಗಬಾರದು ಅಂತ ಮಾಡಿದೆ ಎಂದ. ಅವನ ಕಣ್ಣಲ್ಲಿ ನೀರಿತ್ತು. ಇವರು ಅವನ ಭುಜ ತಟ್ಟಿದರು. ಕಾರಿನಲ್ಲಿ ಕೂತು ಹೆದ್ದಾರಿ ಸೇರಿದ ಮೇಲೆ ಮಾತಾಡಿದರು.

"ಬೈದಿದ್ರೆ ಎದುರಿಗೆ ಕೂತ್ಕೊಂಡು ಬೈಸ್ಕೋತಿದ್ದೆ. ಕಾಯಿಲೆಯವರ ಮುಂದೆ ಮಾತಾಡೋ ಹಾಗೆ ಎಲ್ಲಾರೂ ಮೆತ್ತಗೆ ಮಾತಾಡ್ತಾರಲ್ಲೇ. ನಾನು ಅಲ್ಲಿ ಹೋಗಿ ಹ್ಯಾಗೆ ಕೂತ್ಕೊಳ್ಳಲಿ?"

ಪುಳಿಯೋಗರೆ ಡಬ್ಬವನ್ನು ಕೊಡುವುದು ಮರೆತು ಹಾಗೇ ವಾಪಸ್ ತಂದಿದ್ದೆವು. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಅದನ್ನೇ ತಿಂದೆವು. ದಾರಿಯಲ್ಲಿ ಹಿಮ ಬೀಳಲಿಲ್ಲ, ಸುಖವಾಗಿ ಮನೆ ಸೇರಿದೆವು. ಅದನ್ನೂ ದೇವರ ಕರುಣೆಯ ಲೆಕ್ಕಕ್ಕೆ ಹಾಕಿಕೊಂಡೆ.

ಆ ಶನಿವಾರ ಇವರು ನನ್ನನ್ನು ಭಜನೆಗೆ ಕರೆದುಕೊಂಡು ಹೋದರು, ಒಳಗೆ ಮಾತ್ರ ಬರಲಿಲ್ಲ. ನನಗೆ ಡ್ರೈವಿಂಗ್ ಬರುವುದಿಲ್ಲ. ಮನೆ ಮುಂದೆ ಇಳಿಸಿ, ಕಾರಿನಲ್ಲೇ ಎಂಜಿನ್ ಹಾಕಿಕೊಂಡು ಕೂತರು. ಹೊರಗೆ ನೀರು ಗಟ್ಟಿಯಾಗುವ ಚಳಿ, ಹದಿನೈದು ಡಿಗ್ರಿ ಫ್ಯಾರನ್‌ಹೀಟ್. ಕಿಟಕಿಯಿಂದ ನೋಡಿದರೆ ಕಾರಿನ ಹಿಂದೆ ಬಿಳಿ ಹೊಗೆ ಏಳುತ್ತಿತ್ತು. ನನ್ನ ಬಾಯಿ ಸ್ತೋತ್ರ ಹೇಳುತ್ತಿತ್ತು, ಮನಸ್ಸು ಆ ಹೊಗೆಯಲ್ಲಿತ್ತು. ಹಾರ್ಮೋನಿಯಂ ನುಡಿಸುವವರ ಹತ್ತಿರ ಹೋಗಿ ನೀವೊಮ್ಮೆ ಕರೆದು ನೋಡಿ ಎಂದು ಕೇಳಿಕೊಂಡೆ. ಅವರಿಗೆ ಮುಜುಗರ ಆಗುತ್ತೆ ಆಂಟಿ, ಅವರಾಗೇ ಬರಲಿ ಎಂದರು. ಅವರ ಮಾತಿನಲ್ಲಿ ಒಳ್ಳೆಯತನವೇ ಇತ್ತು. ಒಳಗಿದ್ದವರು ಇವರಿಗೆ ನೋವಾದೀತೆಂದು ಕರೆಯುತ್ತಿರಲಿಲ್ಲ, ಹೊರಗಿದ್ದವರು ಯಾರೂ ಕರೆಯುತ್ತಿಲ್ಲವೆಂದು ಬರುತ್ತಿರಲಿಲ್ಲ. ನಡುವೆ ನಾನು ಸಾರಿನ ಪಾತ್ರೆ ಹಿಡಿದು ಓಡಾಡುತ್ತಿದ್ದೆ.

ಫೆಬ್ರವರಿ ಬಂತು. ಪ್ರಸಾದ ಆದಮೇಲೆ ಊಟದ ಮೇಜನ್ನು ಯಾರೂ ಒರೆಸಲಿಲ್ಲ. ನೇಪರ್‌ವಿಲ್‌ನಲ್ಲಿ ಒಬ್ಬ ಗುಜರಾತಿ ಅಕೌಂಟಂಟ್ ಇದ್ದಾನೆ, ಎಲ್ಲರೂ ಒಟ್ಟಿಗೆ ಹೋದರೆ ಫೀಸು ಕಡಿಮೆ ಮಾಡುತ್ತಾನೆ ಎಂದು ಅಡುಗೆಮನೆಯಲ್ಲಿ ಮಾತಾಗುತ್ತಿತ್ತು. ನಾನು ಒಳಗೆ ಹೋದ ಕೂಡಲೇ ಮಾತು ಮಕ್ಕಳ ಸ್ಕೂಲಿಗೆ ತಿರುಗಿತು. ನಾನೇ ಹೇಳಿದೆ, ಹೋಗಿ ಬನ್ನಿ, ಒಳ್ಳೇದೇ ಆಯ್ತು ಎಂದು. ನಿಜವಾಗಿಯೂ ಹಾಗೇ ಅಂದುಕೊಂಡೆ. ನಮ್ಮದನ್ನು ಮಾತ್ರ ಇವರು ಮನೆಯಲ್ಲೇ ಕೂತು ಮಾಡಿದರು. ಒಂದೊಂದು ಸಾಲಿಗೂ ತೆರಿಗೆ ಇಲಾಖೆಯ ಸೂಚನೆಗಳ ಪುಸ್ತಕ ತೆಗೆದು ನೋಡುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ನನ್ನನ್ನು ಕರೆದು, ಸಬ್ಮಿಟ್ ನೀನೇ ಒತ್ತು ಎಂದರು. ನಾನು ದೇವರನ್ನು ನೆನೆದು ಒತ್ತಿದೆ.

ಹಿಂದಿನ ದಿನ ಮಂಜು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದ ಒಂದು ಶನಿವಾರ, ಭಜನೆ ಮನೆಯ ಮುಂದಿನ ಕಾಲುದಾರಿ ಗಾಜಿನ ಹಾಗೆ ಜಾರುತ್ತಿತ್ತು. ನಾನು ಪಾತ್ರೆ ಹಿಡಿದು ಇಳಿಯಲು ಹೋದರೆ ಇವರು ಬೇಡ ಎಂದರು. ಎಂಜಿನ್ ಆರಿಸಿ, ಪಾತ್ರೆಯನ್ನು ತಾವೇ ಎತ್ತಿಕೊಂಡು, ಇನ್ನೊಂದು ಕೈಯನ್ನು ನನಗೆ ಕೊಟ್ಟು ಬಾಗಿಲವರೆಗೆ ಬಂದರು. ಮನೆಯಾಕೆ ಬಾಗಿಲು ತೆರೆದಳು. ಬನ್ನಿ ಎಂದಳೇ ಹೊರತು ಹೆಚ್ಚೇನೂ ಹೇಳಲಿಲ್ಲ. ಆ ಬುದ್ಧಿಯನ್ನು ಅವಳಿಗೆ ದೇವರೇ ಕೊಟ್ಟಿರಬೇಕು. ಒಳಗೆ ಭಜನೆ ಶುರುವಾಗಿತ್ತು. ಪಾತ್ರೆ ನನ್ನ ಕೈಗೆ ಕೊಟ್ಟು ಇವರು ತಿರುಗಿದರು, ಹೊರಗಿನ ಆ ದಾರಿಯನ್ನು ನೋಡಿದರು, ಯಾಕೋ ನಿಂತರು.

ಜಮಖಾನದವರೆಗೆ ಬರಲಿಲ್ಲ. ಬಾಗಿಲ ಪಕ್ಕ, ಎಲ್ಲರ ಬೂಟು ಬಿಟ್ಟಿದ್ದ ಜಾಗದಲ್ಲಿ ಮಹಡಿಗೆ ಹೋಗುವ ಮೆಟ್ಟಿಲಿದೆ. ಅದರ ಕೆಳಗಿನ ಮೆಟ್ಟಿಲ ಮೇಲೆ, ಕೋಟು ಬಿಚ್ಚದೆ ಕೂತರು. ಯಾರೂ ತಿರುಗಿ ನೋಡಲಿಲ್ಲ, ನಾನೂ ನೋಡಲಿಲ್ಲ. ಮಂಗಳಾರತಿಯಾದ ಮೇಲೆ ಮನೆಯಾಕೆ ತಟ್ಟೆಯನ್ನು ಎಲ್ಲರಿಗೂ ತೋರಿಸಿ ಕೊನೆಗೆ ಮೆಟ್ಟಿಲ ಹತ್ತಿರ ಹೋದಳು. ಗ್ಲೌಸ್ ತೆಗೆದು ಇಟ್ಟುಕೊಳ್ಳಲು ಜಾಗ ಕಾಣದೆ, ಇವರು ಅವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು, ಎರಡೂ ಕೈಯಿಂದ ಆರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.